ಮದುವೆಗೆ ಪ್ರೂಫ್

ಹೊಳವನಹಳ್ಳಿಯ ಗೆಳೆಯರ ಬಳಗದವರು ಆ ಸಲದ ರಾಜ್ಯೋತ್ಸವಕ್ಕೆ, ಮದುವೆಯಾಗಿ ಐವತ್ತು ವರ್ಷ ತುಂಬಿದ ದಂಪತಿಗಳಿಗೆ ಸನ್ಮಾನ ಮಾಡಬೇಕೆಂದು ಮಾತಾಡಿಕೊಂಡರು. ಊರಿನಲ್ಲಿ ಅಂಥವರು ಯಾರಿದ್ದಾರೆ ಎಂದು ವಿಚಾರಿಸುತ್ತ ಬಳಗದ ಕಾರ್ಯದರ್ಶಿ ನವೀನ್ ಕುಮಾರ್ ಒಂದು ಭಾನುವಾರ ಬೆಳಿಗ್ಗೆ ಕದಿರಯ್ಯನ ಮನೆಗೆ ಬಂದ. ನವೀನ್ ಬಸ್ ಸ್ಟಾಪಿನ ಎದುರು ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದವನು. ಹಿರಿಯರ ಮುಂದೆ ಕೂರು ಎಂದರೂ ಕೂರುವವನಲ್ಲ.

ಕದಿರಯ್ಯ ಜಗಲಿಯ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಕೊರಟಗೆರೆಯಿಂದ ಮಧುಗಿರಿಯ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸುಗಳಲ್ಲಿ ಮೊದಲು ಕ್ಲೀನರಾಗಿ, ಆಮೇಲೆ ಡ್ರೈವರಾಗಿ ಆಯುಷ್ಯವನ್ನೆಲ್ಲ ಕಳೆದ ಮನುಷ್ಯ. ಈಗಲೂ ದೂರದಲ್ಲಿ ಬಸ್ಸಿನ ಹಾರನ್ ಕೇಳಿದರೆ ಯಾವ ಗಾಡಿ, ಎಷ್ಟು ತಡ ಎಂದು ಹೇಳಿಬಿಡುತ್ತಿದ್ದ.

"ತಾತ, ನಿಮ್ಮದು ಐವತ್ತಾಯ್ತಂತಲ್ಲ?"

"ಆಯ್ತು ಕಣಪ್ಪ. ಎಮರ್ಜೆನ್ಸಿ ಬಂತಲ್ಲ, ಅದರ ಹಿಂದಿನ ವರ್ಷ."

"ಪ್ರೂಫ್ ಏನಾದ್ರೂ ಐತಾ? ತಪ್ಪು ತಿಳ್ಕೋಬೇಡಿ ತಾತ. ಪಕ್ಕದೂರಲ್ಲಿ ಇಂಥದೇ ಸನ್ಮಾನ ಮಾಡಕ್ಕೋಗಿ, ನಲವತ್ತು ವರ್ಷದೋರಿಗೆ ಶಾಲು ಹೊದಿಸ್ಬುಟ್ಟು ದೊಡ್ಡ ಗಲಾಟೆ ಆಯ್ತು. ಒಂದು ಮದುವೆ ಫೋಟೋ, ಲಗ್ನಪತ್ರಿಕೆ, ಏನಿದ್ರೂ ಸರಿ."

ಕದಿರಯ್ಯ ನಕ್ಕ. ಆ ಕಾಲದಲ್ಲಿ ಹೆಣ್ಣಿನ ಊರು ನಿಡುಗಲ್ಲಿಗೆ ಫೋಟೋದವನು ಬರಬೇಕಾದರೆ ಪಾವಗಡದಿಂದ ಗಾಡಿ ಕಟ್ಟಿಸಬೇಕಿತ್ತು. ಲಗ್ನಪತ್ರಿಕೆ ಹಾಕಿಸುವಷ್ಟು ದೊಡ್ಡವರೂ ಅವರಾಗಿರಲಿಲ್ಲ. ಹಿರಿಯರು ಮನೆಮನೆಗೆ ಹೋಗಿ ಬಾಯಲ್ಲಿ ಕರೆದು ಬಂದಿದ್ದರು, ಅಷ್ಟೆ.

"ಅಂಗಾದ್ರೆ ಕಣ್ಣಾರೆ ನೋಡ್ದೋರು ಯಾರಾದ್ರೂ ಮೊಬೈಲಲ್ಲಿ ಎರಡು ಮಾತು ಹೇಳಿದ್ರೂ ಸಾಕು. ಕಾರ್ಯಕ್ರಮದ ದಿವಸ ಪರದೆ ಮೇಲೆ ಹಾಕ್ತೀವಿ" ಎಂದು ಹೇಳಿ ನವೀನ್ ಹೊರಟ. ಅವನು ಗೇಟು ದಾಟುವಷ್ಟರಲ್ಲಿ ಒಳಗೆ ಪಾತ್ರೆಯೊಂದು ಜೋರಾಗಿ ಕೆಳಗೆ ಕೂತ ಸದ್ದಾಯಿತು. ಕದಿರಯ್ಯನ ಹೆಂಡತಿ ರಾಮಾಂಜಿನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಈಚೆ ಬಂದಳು.

"ಏನಂತೆ? ನನ್ನ ಮದುವೆಗೆ ಪ್ರೂಫ್ ಬೇಕಂತಾ?"

ಅವಳಿಗೆ ಇದು ಮರ್ಮಕ್ಕೇ ತಾಕಿದ ಮಾತು. ಮದುವೆ ಆಗಿದ್ದು ಅವಳ ತವರು ನಿಡುಗಲ್ಲಿನಲ್ಲಿ. ಹೊಳವನಹಳ್ಳಿಯಿಂದ ಹೋಗಿದ್ದವರು ಬೆರಳೆಣಿಕೆಯ ಜನ, ಅವರಲ್ಲಿ ಈಗ ಯಾರೂ ಉಳಿದಿರಲಿಲ್ಲ. ಕದಿರಯ್ಯ ಬಸ್ಸಿನವನಾದ್ದರಿಂದ, ಹಿಟ್ಟಿನ ಮಿಲ್ಲಿನ ಬಸವಲಿಂಗಯ್ಯ ಅಂದಿನಿಂದಲೂ ಒಂದು ತಮಾಷೆ ಕಟ್ಟಿಕೊಂಡು ಬಂದಿದ್ದ. ಪಾವಗಡದಿಂದ ಬರುವಾಗ ಟಿಕೆಟ್ ಇಲ್ಲದ ಪ್ಯಾಸೆಂಜರ್ ಒಬ್ಬಳನ್ನು ಕದಿರ ಹತ್ತಿಸಿಕೊಂಡು ಬಂದ, ಅವಳು ಇಳಿಯಲೇ ಇಲ್ಲ ಎಂದು. ಜನ ನಗುತ್ತಿದ್ದರು, ರಾಮಾಂಜಿನಮ್ಮನೂ ಅವರ ಜೊತೆ ನಗುತ್ತಿದ್ದಳು. ಆದರೆ ಹಿಟ್ಟು ಬೀಸಿಸಲು ಅವಳು ಆ ಮಿಲ್ಲಿಗೆ ಹೋಗುತ್ತಿರಲಿಲ್ಲ, ಒಂದು ಮೈಲಿ ಜಾಸ್ತಿ ನಡೆದು ಇನ್ನೊಂದಕ್ಕೆ ಹೋಗುತ್ತಿದ್ದಳು. ಇದನ್ನು ಮನೆಯಲ್ಲಿ ಗಮನಿಸಿದ್ದವಳು ಸೊಸೆ ಶ್ರೀಲತಾ ಒಬ್ಬಳೇ.

ಶ್ರೀಲತಾ ಹತ್ತಿರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಸಂಜೆ ಅವಳು ಕಾಫಿ ತಂದುಕೊಟ್ಟಾಗ ಕದಿರಯ್ಯ ಕೇಳಿದ:

"ಈ ಪ್ರೂಫು, ಪ್ರೂವು ಅಂತಾರಲ್ಲ, ಅದು ಹೆಂಗಮ್ಮ? ಕೋರ್ಟಿನೋರು ರುಜುವಾತು ಅಂತಾರೆ. ಸಿರಾ ಸ್ಟ್ಯಾಂಡಿನ ಏಜೆಂಟು ಮಾತೆತ್ತಿದ್ರೆ ಸಾಬೀತು ಮಾಡು ಅಂತಿದ್ದ. ನಮ್ಮೋರು ಕರ್ಪೂರ ಹಚ್ಚಿ ಪ್ರಮಾಣ ಮಾಡು ಅಂತಾರೆ. ಎಲ್ಲಾ ಒಂದೇನಾ?"

"ಹತ್ತಿರ ಹತ್ತಿರ ಒಂದೇ ಮಾವ. ನಿಜ ಅಂತ ತೋರಿಸಿಕೊಡೋದು."

"ಅಂಗಾದ್ರೆ ಬಸ್ಸಿನ ಮೇಲೆ ಹೊದಿಸ್ತಿದ್ದ ಟಾರ್ಪಾಲಲ್ಲಿ ವಾಟರ್ ಪ್ರೂಫ್ ಅಂತ ಬರೆದಿರೋರು. ನೀರು ನಿಜ ಅಂತ ತೋರಿಸ್ತೈತಾ ಅದು?"

ಶ್ರೀಲತಾ ನಕ್ಕಳು. ನಕ್ಕ ಮೇಲೆ, ಇದು ಉತ್ತರ ಕೊಡಬೇಕಾದ ಪ್ರಶ್ನೆಯೇ ಎನ್ನಿಸಿತು. ಕಾಲೇಜಿನಲ್ಲಿ ಓದಿದ್ದು ನೆನಪು ಮಾಡಿಕೊಂಡು ಹೇಳಿದಳು: "ಆ ಮಾತಿಗೆ ಹಳೇ ಅರ್ಥ ಪರೀಕ್ಷೆ ಮಾಡು ಅಂತಲೇ ಮಾವ. ಒಂದು ವಸ್ತುವನ್ನ ಪರೀಕ್ಷೆ ಮಾಡಿ ನೋಡ್ತಾರೆ. ಅದು ತಡ್ಕೊಂಡು ನಿಂತರೆ ಪ್ರೂಫ್. ನೀರು ಹುಯ್ದರೂ ತಡ್ಕೊಂಡರೆ ವಾಟರ್ ಪ್ರೂಫ್. ಅದೇ ಮಾತು ಆಮೇಲೆ ಸಾಕ್ಷಿ, ಪುರಾವೆ ಕಡೆಗೆ ತಿರುಗಿಕೊಳ್ತು."

ಕದಿರಯ್ಯ ಒಳಗಿದ್ದ ಹೆಂಡತಿಗೆ ಕೇಳುವ ಹಾಗೆ ಹೇಳಿದ: "ಅಂಗಾದ್ರೆ ನಮ್ಮಿಬ್ಬರಲ್ಲಿ ಒಬ್ಬರು ಪ್ರೂಫೇ ಬುಡು. ಎಷ್ಟು ಹುಯ್ದ್ರೂ ತಡ್ಕೊಂಡೈತೆ."

"ಯಾರು ಅಂತ ಗೊತ್ತೈತಲ್ಲ, ಅಷ್ಟು ಸಾಕು" ಎಂದು ಒಳಗಿನಿಂದ ಉತ್ತರ ಬಂತು. ಸ್ವಲ್ಪ ಹೊತ್ತಿಗೆ ರಾಮಾಂಜಿನಮ್ಮನೇ ಬಾಗಿಲಿಗೆ ಬಂದು ನಿಂತಳು. "ನಮ್ಮಣ್ಣ ಅವ್ನಲ್ಲ. ಅವನಿಗಿಂತ ಸಾಕ್ಷಿ ಬೇಕಾ? ಶನಿವಾರ ಹೋಗಿ ಹೇಳಿಸ್ಕೊಂಡು ಬರೋಣ. ಊರೋರು ಕೇಳಲಿ."

ಅವಳ ಅಣ್ಣ ಚೌಡಯ್ಯ ನಿಡುಗಲ್ಲಿನಲ್ಲೇ ಇದ್ದ. ಕದಿರಯ್ಯನ ಮಗ, ಶ್ರೀಲತಾಳ ಗಂಡ ನರಸಿಂಹರಾಜು ಲೈನ್‌ಮನ್, ಶನಿವಾರ ಅವನಿಗೆ ಡ್ಯೂಟಿ. ಫೋನಿನಲ್ಲೇ ಹೇಳಿಸಿದರೆ ಆಗದೇ ಎಂದು ಅವನು ಕೇಳಿ ನೋಡಿದ. "ಮಾವನ ಹತ್ರ ಇರೋದು ಬಟನ್ ಫೋನು. ಅದ್ರಲ್ಲಿ ಮುಖ ಕಾಣಿಸ್ತದೇನ್ಲಾ?" ಎಂದು ತಾಯಿ ಅವನ ಬಾಯಿ ಮುಚ್ಚಿಸಿದಳು.

ಆ ವಾರ ಒಂಬತ್ತನೇ ತರಗತಿಯ ಪಾಠದಲ್ಲಿ ಅದೇ ಶಬ್ದ ಬಂದಿತ್ತು. ಶ್ರೀಲತಾ ಬೋರ್ಡಿನ ಮೇಲೆ ‘ಪ್ರೂವ್’ ಎಂದು ಬರೆದು ಎರಡು ವಾಕ್ಯ ಕೊಟ್ಟಳು. ಒಂದರಲ್ಲಿ ಒಬ್ಬ ಮನುಷ್ಯ ತಾನು ಕಳ್ಳನಲ್ಲ ಎಂದು ಪ್ರೂವ್ ಮಾಡುತ್ತಾನೆ. ಇನ್ನೊಂದರಲ್ಲಿ ದಾರಿ ದೂರವೆಂದು ಪ್ರೂವ್ ಆಗುತ್ತದೆ. ಮೊದಲನೆಯದನ್ನು ಮಕ್ಕಳು ಸುಲಭವಾಗಿ ಕನ್ನಡಕ್ಕೆ ತಂದರು. ಎರಡನೆಯದಕ್ಕೆ ಬಂದಾಗ ಅಶ್ವಿನಿ ಎಂಬ ಹುಡುಗಿ ಎದ್ದು ನಿಂತಳು.

"ಮಿಸ್, ದಾರಿ ಯಾರ ಮುಂದೆ ಪ್ರೂವ್ ಮಾಡ್ತು?"

ತರಗತಿಯೆಲ್ಲ ನಕ್ಕಿತು. ಶ್ರೀಲತಾ ನಗಲಿಲ್ಲ.

"ಯಾರ ಮುಂದೂ ಇಲ್ಲಮ್ಮ. ಹೊರಡೋ ಮುಂಚೆ ದೂರ ಅಂತ ಗೊತ್ತಿರಲಿಲ್ಲ. ನಡೀತಾ ನಡೀತಾ ಗೊತ್ತಾಯ್ತು. ಕನ್ನಡದಲ್ಲಿ ಏನಂತೀವಿ ಹೇಳಿ?"

"ದಾರಿ ದೂರಾನೇ ಆಗ್ಬುಡ್ತು" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಸರಿಯಾಗಿಯೇ ಇತ್ತು. ಒಂದು ಅರ್ಥದಲ್ಲಿ ಮನುಷ್ಯ ವಾದ ಮಾಡಿ ತೋರಿಸಬೇಕು, ಇನ್ನೊಂದರಲ್ಲಿ ವಾದವೇ ಬೇಕಿಲ್ಲ, ಕಾಲ ಕಳೆದ ಮೇಲೆ ತಾನಾಗಿ ತಿಳಿಯುತ್ತದೆ ಎಂದು ಅವಳು ವಿವರಿಸಿದಳು. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ, ಹೇಳುತ್ತ ಹೇಳುತ್ತ ಅವಳಿಗೇ ಹೆಚ್ಚು ಸ್ಪಷ್ಟವಾಯಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಮೂವರೂ ಹೊರಟರು. ಮಧುಗಿರಿ ಸ್ಟ್ಯಾಂಡಿನಲ್ಲಿ ಕದಿರಯ್ಯನ ಗುರುತು ಹಿಡಿದ ಒಬ್ಬ ಹಳೇ ಕಂಡಕ್ಟರು ಅವನನ್ನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದ. ಮಿಡಿಗೇಶಿ ದಾಟುವಾಗ ಕದಿರಯ್ಯ ಕಿಟಕಿಯಿಂದ ಕೈ ತೋರಿಸಿ, "ಇಲ್ಲೇ ಕಣಮ್ಮ, ನಮ್ಮ ದಿಬ್ಬಣದ ಬಸ್ಸು ಕೆಟ್ಟು ನಿಂತಿದ್ದು. ನಾನು ಮದುಮಗ, ಬಾಸಿಂಗ ಇನ್ನೂ ಕಟ್ಟಿರಲಿಲ್ಲ ಸದ್ಯ. ಗಾಡಿ ಕೆಳಗೆ ನುಗ್ಗಿ ಮಲಗಿದೋನು ಎದ್ದಾಗ ಮೈಯೆಲ್ಲ ಆಯಿಲು" ಎಂದ. ರಾಮಾಂಜಿನಮ್ಮ, "ಅರಿಶಿನ ಹಚ್ಚಿದ್ರೂ ಹತ್ತಲಿಲ್ಲ" ಎಂದಳು. ಪಾವಗಡ ಹತ್ತಿರವಾದಂತೆ ಬಸ್ಸಿನೊಳಗಿನ ಮಾತು ಮೆಲ್ಲಗೆ ತೆಲುಗಿಗೆ ಹೊರಳಿತು. ಅವಳ ಮಾತೂ ಅದರ ಜೊತೆಗೇ ಹೊರಳಿತು. ಪಕ್ಕದ ಹೆಂಗಸಿನೊಡನೆ ಕಡಲೆಕಾಯಿ ಬೆಳೆಯ ವಿಚಾರ ಮಾತಾಡುತ್ತ ಅವಳು ವಯಸ್ಸಿನಲ್ಲಿ ಚಿಕ್ಕವಳಾದಂತೆ ಶ್ರೀಲತಾಳಿಗೆ ಕಂಡಿತು.

ನಿಡುಗಲ್ಲು ತಲುಪಿದಾಗ ಇನ್ನೂ ಬಿಸಿಲಿತ್ತು. ಚೌಡಯ್ಯ ಅಂಗಳದಲ್ಲಿ ಕಡಲೆಬಳ್ಳಿ ಬಡಿದು ಕಾಯಿ ಬಿಡಿಸುತ್ತ ಕೂತಿದ್ದ. ಎತ್ತರದ, ಒಣಗಿದ ಮೈಯ, ಕಡಿಮೆ ಮಾತಿನ ಮುದುಕ. ಅವನ ಹೆಂಡತಿ ಕೆಂಚಮ್ಮ ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವವಳು. ಕೈಕಾಲಿಗೆ ನೀರು ಕೊಟ್ಟು, ಬೇಯಿಸಿದ ಹಸಿ ಕಡಲೆಕಾಯಿಯನ್ನು ಮೊರದ ತುಂಬ ತಂದು ಮುಂದಿಟ್ಟು, ಬಂದ ಕಾರಣ ಕೇಳಿ, ಅದಕ್ಕೆ ಬಿದ್ದು ಬಿದ್ದು ನಕ್ಕಳು.

ಶ್ರೀಲತಾ ಮೊಬೈಲು ಹಿಡಿದು ಚೌಡಯ್ಯನ ಎದುರು ಕೂತಳು. "ಮಾವ, ಮದುವೆ ಆಗಿದ್ದು ನಿಜ ಅಂತ ನೀವು ಹೇಳಬೇಕು."

ಚೌಡಯ್ಯ ಕೈಯಲ್ಲಿದ್ದ ಕಡಲೆಬಳ್ಳಿ ಕೆಳಗಿಟ್ಟು, "ನಿರೂಪಿಂಚಾಲಾ?" ಎಂದ.

"ಹ್ಞೂಂ ಮಾವ, ನಿರೂಪಿಸಿ. ಶುರುವಿಂದ ನಿರೂಪಿಸಿ" ಎಂದಳು ಶ್ರೀಲತಾ.

ಮುದುಕ ತಲೆಯ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಶುರುವಿನಿಂದಲೇ ಹೇಳತೊಡಗಿದ.

ಅವನಿಗಾಗ ಇಪ್ಪತ್ತೆರಡು ವರ್ಷ. ಊರಿನ ಬಾವಿಗಳಲ್ಲೆಲ್ಲ ಉಪ್ಪುಪ್ಪಾದ ಸವುಳು ನೀರು. ತಂಗಿಯ ಮದುವೆಗೆ ಬರುವ ಬೀಗರಿಗೆ ಸಿಹಿನೀರು ಕುಡಿಸಬೇಕೆಂದು ಅವನು ಗಾಡಿಯಲ್ಲಿ ಪೀಪಾಯಿ ಕಟ್ಟಿಕೊಂಡು ಮೂರು ಊರು ದಾಟಿ ಹೋಗಿ, ಒಬ್ಬ ರೈತನ ತೋಟದ ಬಾವಿಯಿಂದ ನೀರು ತಂದ. ದಿಬ್ಬಣ ಮಧ್ಯಾಹ್ನ ಬರಬೇಕಾದದ್ದು ಬರಲಿಲ್ಲ. ಕಾದು ಕಾದು ಸಾಕಾಗಿ ಚಪ್ಪರದಲ್ಲಿದ್ದ ಜನ ಆ ನೀರನ್ನೇ ಕುಡಿದು ಖಾಲಿ ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಗಂಡಿನವರು ದೂಳು ಮೆತ್ತಿಕೊಂಡು ಬಂದು ಇಳಿದಾಗ ಕೊಡಲು ಉಳಿದದ್ದು ಊರ ಬಾವಿಯ ನೀರು.

"ಗಂಡಿನ ಕಡೆ ಹಿರಿಯ ಒಬ್ಬಾತ ಬಾಯಿಗೆ ಹಾಕ್ಕೊಂಡು ಥೂ ಅಂತ ಉಗಿದ. ಇಂಥ ನೀರು ಕುಡಿಯೋ ಊರಿಂದ ಹೆಣ್ಣು ತರಬೇಕಾ ಅಂದ. ನಾನು ಅವನ ಮೇಲೆ ಹೋದೆ. ಮಾ ನಾಯ್ನ, ನಮ್ಮಪ್ಪ, ಎಲ್ಲರ ಮುಂದೆ ನನ್ನ ಕೆನ್ನೆಗೆ ಕೊಟ್ಟ."

ಚೌಡಯ್ಯ ಮಾತು ಅಲ್ಲಿಗೆ ನಿಲ್ಲಿಸಿ ತೊಡೆಯ ಮೇಲಿನ ಟವೆಲ್ ಮಡಿಸತೊಡಗಿದ.

"ಆಮೇಲೆ ಮಾವ?"

"ಆಮೇಲೆ ನಾನು ಗುಡ್ಡ ಹತ್ತಿಬುಟ್ಟೆ ಕಣಮ್ಮ. ಕೋಟೆ ಬಾಗಿಲ ಹತ್ರ ಒಂದು ಬಂಡೆ ಐತೆ, ಅಲ್ಲೇ ಕೂತಿದ್ದೆ. ಬೆಳಕು ಹರಿಯೋ ಹೊತ್ತಿಗೆ ಕೆಳಗೆ ಗಟ್ಟಿಮೇಳ ಹೊಡೆದ್ರು. ಅದು ವಿನ್ನಾನು, ಕಿವಿಯಾರ ಕೇಳ್ದೆ. ತಾಳಿ ಕಟ್ಟಿದ್ದು ಮಾತ್ರ ಚೂಡ್ಲೇದು. ನೋಡ್ಲಿಲ್ಲ. ನೀನು ನಿರೂಪಿಂಚು ಅಂದ್ರೆ ನಾನೆಂಗೆ ನಿರೂಪಿಸ್ಲಿ?"

ಅವನ ಕೊನೆಯ ಮಾತು ಅರ್ಥವಾಗದೆ ಶ್ರೀಲತಾ ಕದಿರಯ್ಯನ ಮುಖ ನೋಡಿದಳು. ಕದಿರಯ್ಯ ಮೆಲ್ಲಗೆ ಹೇಳಿದ: "ತೆಲುಗಲ್ಲಿ ನಿರೂಪಿಂಚು ಅಂದ್ರೆ ನಿನ್ನ ಪ್ರೂವೇ ಕಣಮ್ಮ. ನೀನು ಕತೆ ಹೇಳು ಅಂದೆ, ಅವನು ಪ್ರೂವ್ ಮಾಡು ಅಂತ ತಿಳ್ಕೊಂಡ."

ಒಂದೇ ಶಬ್ದಕ್ಕೆ ಮಧುಗಿರಿಯ ಆಚೆಗೆ ಒಂದು ಅರ್ಥ, ಈಚೆಗೆ ಒಂದು. ಅವಳು ಸರಿಯಾದ ತೆಲುಗಿನಲ್ಲಿ ಕೇಳಿದ್ದರೆ ಅವನು ‘ನೋಡಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದನೋ ಏನೋ. ಶುರುವಿನಿಂದ ಎಂದು ಕೇಳಿದ್ದಕ್ಕೆ ಇಷ್ಟೆಲ್ಲ ಹೊರಗೆ ಬಂದಿತ್ತು. ಮೊಬೈಲು ಇನ್ನೂ ಅವಳ ಕೈಯಲ್ಲಿ ಓಡುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಿ ಕೆಳಗಿಟ್ಟಳು.

ರಾಮಾಂಜಿನಮ್ಮ ಅಣ್ಣನನ್ನೇ ನೋಡುತ್ತಿದ್ದಳು.

"ನಾನು ಹಸೆ ಮೇಲಿಂದ ನಿನ್ನ ಹುಡುಕ್ತಾನೇ ಇದ್ದೆ ಅಣ್ಣ. ಅಡಿಗೆ ತಾವ ಇರಬೇಕು ಅಂದ್ಕೊಂಡೆ. ಕಣ್ಣಲ್ಲಿ ನೀರು ಬಂತು, ಎಲ್ಲಾರೂ ಹೊಗೆಗೆ ಅಂದ್ರು. ನಾನೂ ಹೊಗೆಗೇ ಅಂದೆ."

"ಗೊತ್ತಾದ್ರೆ ನೊಂದ್ಕೊಂತೀಯ ಅಂತ ಹೇಳ್ಲಿಲ್ಲ ತಲ್ಲಿ, ನನ್ನ ತಾಯಿ" ಎಂದ ಚೌಡಯ್ಯ.

"ಈಗ ಹೇಳ್ದೆಯಲ್ಲ."

"ಕೇಳಿದ್ರಲ್ಲ. ಕ್ಯಾಮೆರಾ ಮುಂದೆ ಸುಳ್ಳು ಹೆಂಗೆ ಹೇಳ್ಲಿ?"

ಕದಿರಯ್ಯ ಗಂಟಲು ಸರಿಮಾಡಿಕೊಂಡ. "ಬಾವ, ಗಟ್ಟಿಮೇಳ ಕೇಳ್ದೆ ಅಂದೆಯಲ್ಲ, ಅಷ್ಟೇ ಸಾಕು. ಕಿವೀನೂ ಸಾಕ್ಷಿನೇ."

"ಊಹೂಂ. ಸಾಕ್ಷಿ ಅಂದ್ರೆ ಕಣ್ಣು" ಎಂದು ಚೌಡಯ್ಯ ತಲೆಯಾಡಿಸಿದ.

ಅಷ್ಟು ಹೊತ್ತೂ ಸುಮ್ಮನಿದ್ದದ್ದು ಕೆಂಚಮ್ಮನ ಪಾಲಿಗೆ ದೊಡ್ಡ ಸಂಗತಿ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು. "ಅಲ್ಲಾ, ನೋಡ್ಲಿಲ್ಲ ನೋಡ್ಲಿಲ್ಲ ಅಂತ ಯಾಕೆ ಕೊರಗ್ತೀರ? ಗಂಡು ಇಲ್ಲೇ ಅವ್ನೆ, ಹೆಣ್ಣು ಇಲ್ಲೇ ಅವ್ಳೆ. ನಾಳೆ ಬೆಳಿಗ್ಗೆ ಕಟ್ಸಿ. ಕಣ್ಣಾರೆ ನೋಡ್ಕೊಳ್ಳಲಿ ಈವಯ್ಯ."

ಎಲ್ಲರೂ ನಕ್ಕರು, ಚೌಡಯ್ಯ ಒಬ್ಬನನ್ನು ಬಿಟ್ಟು. ಅವನು ತಂಗಿಯ ಕಡೆ ತಿರುಗಿ, "ಕಟ್ಟಿಸ್ಕೊಂತೀಯಾ?" ಎಂದು ಕೇಳಿದ. ಅದು ತಮಾಷೆಯ ದನಿಯಾಗಿರಲಿಲ್ಲ.

"ಮೊದಲು ಆತ ಕೇಳಲಿ" ಎಂದಳು ರಾಮಾಂಜಿನಮ್ಮ ಗಂಡನನ್ನು ತೋರಿಸಿ. "ಆವತ್ತು ನನ್ನ ಯಾರು ಕೇಳಿದ್ರು? ನಮ್ಮಪ್ಪನ್ನ ಕೇಳಿದ್ರು, ಒಪ್ಕೊಂಡ. ಇವತ್ತು ನನ್ನನ್ನೇ ಕೇಳಲಿ."

ಕದಿರಯ್ಯ ಪೇಚಿಗೆ ಸಿಕ್ಕಿಕೊಂಡ. ಘಾಟಿಯ ತಿರುವುಗಳಲ್ಲಿ ಎದುರು ಲಾರಿ ಬಂದರೂ ಕೈ ನಡುಗದ ಮನುಷ್ಯ ಕಡಲೆಕಾಯಿ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತ ಕೂತ. ಕೊನೆಗೆ ತಲೆಯೆತ್ತದೆ, "ಬತ್ತೀಯಾ ರಾಮಾಂಜಿ, ನಮ್ಮೂರಿಗೆ?" ಎಂದ.

"ನೀರು ಹೆಂಗೈತೆ ನಿಮ್ಮೂರಾಗೆ?"

"ಸಿಹಿ."

"ಅಂಗಾದ್ರೆ ಬತ್ತೀನಿ."

ಮಾರನೆಯ ಬೆಳಿಗ್ಗೆ ಕೆಂಚಮ್ಮ ಅಂಗಳ ಸಾರಿಸಿ ರಂಗೋಲಿ ಬಿಟ್ಟಳು. ಅರಿಶಿನದ ಕೊನೆಯೊಂದನ್ನು ದಾರಕ್ಕೆ ಕಟ್ಟಿ ತಾಳಿ ಮಾಡಿದಳು. ಪುರೋಹಿತರಿಲ್ಲ, ಓಲಗವಿಲ್ಲ. ಸುದ್ದಿ ಹೇಗೋ ಹಬ್ಬಿ ಕೇರಿಯ ಹೆಂಗಸರು ಗುಡಿಸುವುದನ್ನು, ನೀರು ಹಿಡಿಯುವುದನ್ನು ಬಿಟ್ಟು ಬಂದು ಸೇರಿದರು. ಧಾರೆ ಎರೆಯಲು ಚೌಡಯ್ಯನೇ ನಿಂತ. ನಸುಕಿನಲ್ಲೇ ಎದ್ದು ಶುದ್ಧ ನೀರಿನ ಘಟಕಕ್ಕೆ ಹೋಗಿ ಕ್ಯಾನು ತುಂಬಿಸಿಕೊಂಡು ಬಂದಿದ್ದ. ಮನೆಯಲ್ಲಿ ನೀರಿದೆಯಲ್ಲ ಎಂದು ಹೆಂಡತಿ ಹೇಳಿದ್ದಕ್ಕೆ, "ಇದು ಬೀಗರಿಗೆ" ಎಂದನಂತೆ. ಕದಿರಯ್ಯನ ಕೈಯ ಮೇಲೆ ತಂಗಿಯ ಕೈ ಇಟ್ಟು ಚೊಂಬಿನಿಂದ ನಿಧಾನವಾಗಿ ನೀರು ಬಿಟ್ಟ. ಬಿಡುವಾಗ ಅವನ ಬಾಯಿ ಏನನ್ನೋ ಗೊಣಗುತ್ತಿತ್ತು, ಯಾರಿಗೂ ಕೇಳಿಸಲಿಲ್ಲ.

ತಾಳಿ ಕಟ್ಟಲು ಕದಿರಯ್ಯನಿಗೆ ಕಷ್ಟವಾಯಿತು. ಕಣ್ಣು ಮಂದ, ದಾರ ಸಣ್ಣದು. ಎರಡು ಗಂಟು ಹಾಕಿ ಮೂರನೆಯದಕ್ಕೆ ತಡಕಾಡುತ್ತಿದ್ದಾಗ ರಾಮಾಂಜಿನಮ್ಮ, "ಬೇಗ ಕಟ್ಟು, ಕತ್ತು ನೋಯ್ತದೆ" ಎಂದಳು. ಹೆಂಗಸರು ಅಕ್ಷತೆ ಎರಚಿದರು. ಒಬ್ಬಳು ತಟ್ಟೆಯನ್ನು ಸೌಟಿನಿಂದ ಬಡಿದು ಗಟ್ಟಿಮೇಳ ಮಾಡಿದಳು. ಚೌಡಯ್ಯ ರೆಪ್ಪೆ ಮುಚ್ಚದೆ ನೋಡುತ್ತ ನಿಂತಿದ್ದ. ಶ್ರೀಲತಾ ಮೊಬೈಲಿನ ಪರದೆಯಲ್ಲಿ ಅವನ ಮುಖವನ್ನಷ್ಟೇ ಹಿಡಿದಳು.

ಎಲ್ಲ ಮುಗಿದ ಮೇಲೆ ಅವಳು ಮತ್ತೆ ಕೇಳಿದಳು. "ಈಗ ಹೇಳಿ ಮಾವ."

ಚೌಡಯ್ಯ ಕ್ಯಾಮೆರಾ ನೋಡಿ, "ನನ್ನ ತಂಗಿ ರಾಮಾಂಜಿನಮ್ಮನಿಗೂ ಹೊಳವನಹಳ್ಳಿ ಕದಿರಯ್ಯನಿಗೂ ಮದುವೆ ಆಯ್ತು. ಕಣ್ಣಾರೆ ನೋಡ್ದೆ" ಎಂದ. ಒಂದು ಗಳಿಗೆ ತಡೆದು, "ಇವತ್ತು" ಎಂದು ಸೇರಿಸಿದ.

"ಅಯ್ಯೋ ಅಣ್ಣ, ಇವತ್ತು ಅಂದ್ರೆ ಐವತ್ತು ವರ್ಷ ಎಲ್ಲಿ ಹೋಯ್ತು?" ಎಂದು ರಾಮಾಂಜಿನಮ್ಮ ತಲೆ ಚಚ್ಚಿಕೊಂಡಳು. ಎಷ್ಟು ಹೇಳಿದರೂ ಅವನು ಆ ಒಂದು ಮಾತನ್ನು ತೆಗೆಯಲು ಒಪ್ಪಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಮೂವರೂ ನೆನೆನೆನೆದು ನಕ್ಕರು. ಮಧುಗಿರಿ ಬರುವ ಹೊತ್ತಿಗೆ ರಾಮಾಂಜಿನಮ್ಮ ಗಂಡನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅರಿಶಿನದ ಕೊನೆ ಅವಳ ಹಳೆಯ ತಾಳಿಯ ಪಕ್ಕದಲ್ಲೇ ಇತ್ತು.

"ಸನ್ಮಾನ ಹೋದ್ರೆ ಹೋಗ್ಲಿ ಬುಡಮ್ಮ" ಎಂದ ಕದಿರಯ್ಯ. "ನೀನು ಆವತ್ತು ಹೇಳ್ದೆಯಲ್ಲ, ಪ್ರೂಫ್ ಅಂದ್ರೆ ತಡ್ಕೊಂಡು ನಿಂತದ್ದು ಅಂತ. ಅದೇ ಸರಿ."

"ಅದಕ್ಕೆ ಇನ್ನೂ ಒಂದು ಅರ್ಥ ಐತೆ ಮಾವ" ಎಂದು ಶ್ರೀಲತಾ ತರಗತಿಯಲ್ಲಿ ಆದದ್ದನ್ನು ಹೇಳಿದಳು. "ಯಾರೂ ತೋರಿಸಿಕೊಡದೆ ತಾನಾಗಿ ಹಾಗೇ ಆಗೋದು. ಮದುವೆ ಆಗುವಾಗ ಹೆಂಗಿರ್ತದೋ ಗೊತ್ತಿರಲಿಲ್ಲ. ಆಮೇಲೆ ಒಳ್ಳೇದೇ ಆಯ್ತು. ಅದನ್ನೂ ಇಂಗ್ಲಿಷಲ್ಲಿ ಪ್ರೂವ್ ಅಂತಲೇ ಅನ್ನೋದು."

ಕದಿರಯ್ಯ ಭುಜ ಅಲುಗಾಡದಂತೆ ಸ್ವಲ್ಪ ಮುಂದಕ್ಕೆ ಬಾಗಿ ಹೆಂಡತಿಯ ಮುಖ ನೋಡಿದ. "ಆಗಿದ್ದಂತೂ ಒಳ್ಳೇದೇ" ಎಂದ.

ಸೋಮವಾರ ಶಾಲೆಯಿಂದ ಬರುವಾಗ ಶ್ರೀಲತಾ ನವೀನನ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಪ್ರೂಫ್ ಸಿಗಲಿಲ್ಲ ಎಂದಳು. ಅವನು ವಿಡಿಯೋ ತೋರಿಸಿ ಎಂದ. ಮೊದಲನೆಯದನ್ನು ನೋಡುತ್ತ, ರೀಚಾರ್ಜಿಗೆ ಬಂದಿದ್ದ ಗಿರಾಕಿಗಳನ್ನೇ ಮರೆತು ನಿಂತ. ಗಿರಾಕಿಗಳೂ ಅವನ ಹಿಂದೆ ಬಂದು ಬಗ್ಗಿ ನೋಡತೊಡಗಿದರು.

"ಮೇಡಂ, ಇದನ್ನೇ ಪೂರ್ತಿ ಹಾಕ್ತೀವಿ."

"ನೋಡಿಲ್ಲ ಅಂತಾರಲ್ಲ ಅದರಲ್ಲಿ?"

"ಅದಕ್ಕೇ ಮೇಡಂ. ಸ್ವಂತ ತಂಗಿ ಎದುರಿಗೆ ಕೂತಿದ್ರೂ ನೋಡಿಲ್ಲ ಅಂತ ಹೇಳೋರು, ಗಟ್ಟಿಮೇಳ ಕೇಳ್ದೆ ಅಂತ ಸುಳ್ಳು ಹೇಳ್ತಾರಾ? ಮದುವೆ ದಿವಸ ಅವರಿಗೆ ಇಪ್ಪತ್ತೆರಡು ಅಂತಾರೆ. ಈಗ ಎಪ್ಪತ್ತು ದಾಟಿರೋದು ಮುಖದಲ್ಲೇ ಕಾಣ್ತದೆ, ಲೆಕ್ಕ ಸರಿ ಹೋಯ್ತಲ್ಲ."

ಇದನ್ನು ಅವಳು ಯೋಚಿಸಿರಲಿಲ್ಲ. ಮನೆಗೆ ಬಂದು ಹೇಳಿದಾಗ ರಾಮಾಂಜಿನಮ್ಮ ಖುಷಿಯಾದಳು, ಆದರೆ ಒಂದು ಷರತ್ತು ಹಾಕಿದಳು. "ಅಣ್ಣನ್ನ ಕೇಳಮ್ಮ. ಕೆನ್ನೆಗೆ ಏಟು ತಿಂದದ್ದು, ಊರೆಲ್ಲ ನೋಡ್ತದೆ." ಶ್ರೀಲತಾ ಫೋನು ಮಾಡಿದಳು. ಅದರಲ್ಲಿ ಏಟಿನ ಮಾತೂ ಬರುತ್ತದೆಯೇ ಎಂದು ಚೌಡಯ್ಯ ಕೇಳಿ ತಿಳಿದುಕೊಂಡ. ಆಮೇಲೆ, "ಹಾಕಮ್ಮ. ನಾನೂ ಬತ್ತೀನಿ" ಎಂದ.

ರಾಜ್ಯೋತ್ಸವದ ಸಂಜೆ ಶಾಲೆಯ ಮೈದಾನದಲ್ಲಿ ಪರದೆ ಕಟ್ಟಿದ್ದರು. ಮೂರು ಜೋಡಿಗಳಿಗೆ ಸನ್ಮಾನ. ಮೊದಲೆರಡು ಜೋಡಿಗಳ ಹಳೆಯ ಫೋಟೋ ತೋರಿಸಿ ಶಾಲು ಹೊದಿಸಿದರು. ಮೂರನೆಯದಾಗಿ ಚೌಡಯ್ಯನ ಮುಖ ಪರದೆಯ ತುಂಬ ಬಂತು. ಪೀಪಾಯಿ, ಸವುಳು ನೀರು, ಉಗಿದದ್ದು, ಕೆನ್ನೆಯ ಏಟು, ಬಂಡೆ. ತೆಲುಗು ಬೆರೆತ ಆ ಕನ್ನಡ ಕೆಲವರಿಗೆ ಅಲ್ಲಲ್ಲಿ ಅರ್ಥವಾಗದಿದ್ದರೂ, ಪಿಳ್ಳೆಗಳು ಕೂಡ ಆಟ ಬಿಟ್ಟು ಮುಂದೆ ಬಂದು ಕೂತವು. "ಚೂಡ್ಲೇದು" ಎಂದಾಗ ಯಾರೋ ಉಸಿರು ಬಿಟ್ಟರು. ಆಮೇಲೆ ಅಂಗಳದ ಮದುವೆ ಬಂತು. "ಇವತ್ತು" ಎಂಬ ಮಾತಿಗೆ ಮೈದಾನವೆಲ್ಲ ನಗುವಿನಿಂದ ಅಲುಗಿತು. ನವೀನ್ ಮೈಕಿನಲ್ಲಿ, "ಒಂದಲ್ಲ, ಎರಡು ಮದುವೆಗೆ ಪ್ರೂಫ್ ಸಿಕ್ತು" ಎಂದು ಹೇಳಿ, ಮುಂದಿನ ಸಾಲಿನಲ್ಲಿ ಕೂತಿದ್ದ ಚೌಡಯ್ಯನನ್ನೂ ವೇದಿಕೆಗೆ ಕರೆದ. ರಾಮಾಂಜಿನಮ್ಮ ತನಗೆ ಹೊದಿಸಿದ ಶಾಲನ್ನು ಅಲ್ಲೇ ತೆಗೆದು ಅಣ್ಣನಿಗೆ ಹೊದಿಸಿದಳು.

ಕೆಳಗಿಳಿದಾಗ ಮಿಲ್ಲಿನ ಬಸವಲಿಂಗಯ್ಯ ದೊಣ್ಣೆ ಊರಿಕೊಂಡು ಬಂದು ಎದುರು ನಿಂತ. ಅವನಿಗೂ ಈಗ ವಯಸ್ಸಾಗಿತ್ತು. ಕೈ ಮುಗಿಯಲು ಹೋಗಿ, ದೊಣ್ಣೆ ಬೀಳುತ್ತದೆಂದು ಅರ್ಧಕ್ಕೆ ಬಿಟ್ಟ.

"ಟಿಕೆಟ್ ಇಲ್ಲದೋಳು ಅಂತ ಸುಮ್ನೆ ನಗಾಡಕ್ಕೆ ಅಂತಿದ್ದೆ ಕಣಮ್ಮ. ಮನಸ್ಸಿಗೆ ಹಚ್ಕೊಂಡಿದ್ದೀಯ ಅಂತ ಇವತ್ತು ಇದನ್ನೆಲ್ಲ ನೋಡಿದ ಮೇಲೇ ಗೊತ್ತಾಗಿದ್ದು."

"ಬುಡಿ ಬಸವಲಿಂಗಯ್ಯನೋರೆ. ನೀವೂ ನಕ್ಕಿರಿ, ನಾನೂ ನಕ್ಕೆ. ಮನೆ ಕಡೆ ಬನ್ನಿ, ನಮ್ಮಣ್ಣ ಬಂದವ್ನೆ, ಪಾಯಸ ಮಾಡಿವ್ನಿ" ಎಂದಳು ರಾಮಾಂಜಿನಮ್ಮ. ಅವನು ಬಂದ. ಎರಡು ಸಲ ಬಡಿಸಿಕೊಂಡು ಉಂಡ.

ತಂಗಿಯ ಮನೆಗೆ ಚೌಡಯ್ಯ ಎಷ್ಟೋ ಸಲ ಬಂದಿದ್ದರೂ ಒಂದು ರಾತ್ರಿಯೂ ಉಳಿದವನಲ್ಲ. ಉಂಡು, ಸಂಜೆಯ ಬಸ್ಸು ಹಿಡಿದು ಹೊರಟುಬಿಡುತ್ತಿದ್ದ. ಈ ಸಲ ಬಸ್ಸಿನ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಶ್ರೀಲತಾ ಶಾಲೆಗೆ ಹೊರಟಾಗ ಅಣ್ಣ ತಂಗಿ ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವರ ಅಮ್ಮ ಮಾಡುತ್ತಿದ್ದ ಯಾವುದೋ ಸಾರಿಗೆ ಹುಣಸೆ ಮೊದಲೋ ಬೆಲ್ಲ ಮೊದಲೋ ಎಂದು ಜೋರು ಜಗಳ ನಡೆದಿತ್ತು. ಅರ್ಧ ತೆಲುಗು, ಅರ್ಧ ಕನ್ನಡ. ಕದಿರಯ್ಯ ನಡುವೆ ಏನೋ ಹೇಳಲು ಹೋದ. "ನೀನು ಸುಮ್ನಿರು, ನಮ್ಮಮ್ಮನ ಸಾರು ನಿನಗೇನು ಗೊತ್ತು?" ಎಂದು ಇಬ್ಬರೂ ಒಟ್ಟಿಗೇ ಅವನ ಮೇಲೆ ಹೋದರು. ಅವನು ನಗುತ್ತ ಬಿಸಿಲಿಗೆ ಬೆನ್ನು ಕೊಟ್ಟು ಕೂತ. ಶ್ರೀಲತಾ ಚಪ್ಪಲಿ ಮೆಟ್ಟಿಕೊಂಡು, ಮಧ್ಯಾಹ್ನ ಯಾರ ಸಾರು ಗೆದ್ದಿರುತ್ತದೋ ನೋಡೋಣ ಎಂದುಕೊಂಡು ರಸ್ತೆಗೆ ಇಳಿದಳು.